ಮಾರ್ಚ್ ಕೊನೆಗೋ, ಮೇ ಮೊದಲಿಗೋ? ಮಕ್ಕಳ ರಜೆಗೆ ಕ್ರೂಸ್ ಹೊಂದಿಸುವ ಬಗ್ಗೆ

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಪುಣೆಯಲ್ಲಿ ನಿಮ್ಮ ಇಬ್ಬರು ಮಕ್ಕಳಿಗೆ 2027ರ ಮಾರ್ಚ್ 20ರಿಂದ 28ರವರೆಗೆ ಸ್ಪ್ರಿಂಗ್ ಬ್ರೇಕ್. ಬೇಸಿಗೆ ರಜೆ ಮೇ 1ರಿಂದ. ಹುಬ್ಬಳ್ಳಿಯಿಂದ ನಿಮ್ಮ ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು ಬರಬೇಕು. ಮೊಣಕಾಲು ನೋವಿರುವ ಅತ್ತೆಯವರೂ ಜೊತೆಗಿರುತ್ತಾರೆ. ಮುಂಬೈನಿಂದಲೇ ಹತ್ತಬೇಕು, ಆದರೆ ಗೋವಾನೋ ಲಕ್ಷದ್ವೀಪವೋ ಇನ್ನೂ ಗೊತ್ತಿಲ್ಲ. ಏಜೆಂಟ್ ಮಾತ್ರ ಮೇ 22ರ ಸುಮಾರಿಗೆ ಒಳ್ಳೆ ರೇಟ್ ಇದೆ ಅಂತ ಬೆನ್ನು ಬಿದ್ದಿದ್ದಾನೆ. ಇಷ್ಟೇ ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂಬತ್ತೂ ಜನ ಒಟ್ಟಿಗೆ ಹೋಗುವುದಾದರೆ ಮೇ 3ರಿಂದ 14ರೊಳಗೆ, ವಾರದ ನಡುವೆ ಹೊರಡುವ ಹಡಗಿನಲ್ಲಿ, ಗೋವಾಕ್ಕೆ. ನಿಮ್ಮ ಮನೆಯವರಷ್ಟೇ ಆದರೆ ಮಾರ್ಚ್. ಮೇ 22 ಮಾತ್ರ ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಮಾರ್ಚ್ ಯಾಕೆ ಎಲ್ಲರಿಗೂ ಆಗುವುದಿಲ್ಲ ಅಂದರೆ, ಅಣ್ಣನ ಮಕ್ಕಳು ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆ ಅಂದಿದ್ದೀರಿ. ಅವರಿಗೆ ಮಾರ್ಚ್ ಅಂದರೆ ವಾರ್ಷಿಕ ಪರೀಕ್ಷೆಯ ತಿಂಗಳು. ಬೇಸಿಗೆ ರಜೆ ಶುರುವಾಗುವುದು ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಲ್ಲಿ, ಮುಗಿಯುವುದು ಮೇ ಕೊನೆಗೆ. ನಿಮ್ಮ ಮಕ್ಕಳಿಗೆ ಏಪ್ರಿಲ್‌ನಲ್ಲಿ ಶಾಲೆ ಇದೆ. ಹಾಗಾಗಿ ಎರಡೂ ಮನೆಗೆ ಒಟ್ಟಿಗೆ ಸಿಗುವುದು ಮೇ ತಿಂಗಳು ಮಾತ್ರ. ಅಣ್ಣನ ದೊಡ್ಡ ಮಗ ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುತ್ತಾನಲ್ಲ, ಅವನಿಗೆ ರಜೆಯಲ್ಲೇ ಕ್ಲಾಸ್ ಇಟ್ಟುಬಿಡುತ್ತಾರಾ ಅಂತ ಈಗಲೇ ಕೇಳಿಸಿ. ಟ್ಯೂಷನ್‌ನವರನ್ನೂ ಕೇಳಿ, ಶಾಲೆಗಿಂತ ಅವರದೇ ಜಾಸ್ತಿ ಗಡಿಬಿಡಿ.

ನೀವಷ್ಟೇ ಮಾರ್ಚ್‌ನಲ್ಲಿ ಹೋಗುವುದಾದರೆ ಒಂದು ವಿಷಯ. ಆ ವರ್ಷ ಹೋಳಿ ಮಾರ್ಚ್ 22, ಸೋಮವಾರ. ಗುಡ್ ಫ್ರೈಡೇ ಅದೇ ವಾರ, 26ರಂದು. ಅಂದರೆ ನಿಮ್ಮ ಬ್ರೇಕ್‌ನ ಎರಡೂ ತುದಿಗೆ ಲಾಂಗ್ ವೀಕೆಂಡ್. ಇಡೀ ಮುಂಬೈ ಅದೇ ದಿನ ಹೊರಡುತ್ತದೆ. ಮಂಗಳವಾರ 23 ಅಥವಾ ಬುಧವಾರ 24ಕ್ಕೆ ಹೊರಡುವ ಎರಡು ರಾತ್ರಿಯ ಟ್ರಿಪ್ ಇದ್ದರೆ ಅದನ್ನೇ ಹಿಡಿಯಿರಿ. ವೀಕೆಂಡ್ ಹಡಗಿನಲ್ಲಿ ಆಫೀಸ್ ಪಾರ್ಟಿ, ಬ್ಯಾಚಲರ್ ಪಾರ್ಟಿ ಗುಂಪುಗಳೇ ತುಂಬಿರುತ್ತವೆ. ಮಕ್ಕಳಿಗೆ ಈಜುಕೊಳದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ವಾರದ ನಡುವೆ ಹೋದರೆ ಸಂಸಾರಸ್ಥರು ಜಾಸ್ತಿ, ರೇಟೂ ಸ್ವಲ್ಪ ಇಳಿದಿರುತ್ತದೆ.

ಈಗ ಮೇ 22ರ ವಿಷಯ. ಅರಬ್ಬೀ ಸಮುದ್ರ ಮೇ ಮೊದಲರ್ಧದಲ್ಲಿ ಒಂದು ಥರ, ಎರಡನೇ ಅರ್ಧದಲ್ಲಿ ಇನ್ನೊಂದು ಥರ. ಮುಂಬೈಗೆ ಮಳೆ ಬರುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಮೇ 26ಕ್ಕೇ ಬಂತು. ಮಳೆಗಿಂತ ಮುಂಚೆ ಚಂಡಮಾರುತದ ಭಯ. 2021ರಲ್ಲಿ ತೌಕ್ತೆ ಮೇ 17ರಂದು ಮುಂಬೈ ಪಕ್ಕದಲ್ಲೇ ಹಾದು ಹೋಯಿತು. 2020ರಲ್ಲಿ ನಿಸರ್ಗ ಜೂನ್ 3ಕ್ಕೆ ಅಲಿಬಾಗ್ ಕಡೆ ಅಪ್ಪಳಿಸಿತು. ಪ್ರತಿ ವರ್ಷ ಹಾಗೇ ಆಗುತ್ತದೆ ಅಂತಲ್ಲ. ಚಂಡಮಾರುತ ಬರದಿದ್ದರೂ ಗಾಳಿ ಜೋರಾದರೆ ಹಡಗಿನವರು ದಾರಿ ಬದಲಿಸುತ್ತಾರೆ, ಒಂದು ಬಂದರು ಬಿಟ್ಟೇ ಬಿಡುತ್ತಾರೆ. ಆ ಹಕ್ಕು ಅವರಿಗಿದೆ ಅಂತ ಟಿಕೆಟ್ ಷರತ್ತಿನಲ್ಲೇ ಬರೆದಿರುತ್ತದೆ. ಆಗ ಗೋವಾ ನೋಡದೆ ಸಮುದ್ರದಲ್ಲೇ ಒಂದು ಸುತ್ತು ಹಾಕಿ ವಾಪಸ್. ರೇಟ್ ಯಾಕೆ ಕಡಿಮೆ ಅಂತ ಏಜೆಂಟ್‌ನನ್ನು ಕೇಳಿ ನೋಡಿ, ಇದನ್ನೇನೂ ಅವನು ಹೇಳುವುದಿಲ್ಲ.

ಇನ್ನೊಂದು, ಮಳೆಗಾಲದಲ್ಲಿ ಮುಂಬೈನಿಂದ ಕ್ರೂಸ್ ನಡೆಸುವ ಕಾರ್ಡೀಲಿಯಾ ಕಂಪನಿಯವರ ಹಡಗು ಮುಂಬೈ ಬಿಟ್ಟು ಚೆನ್ನೈ ಕಡೆ ಹೋಗುವುದು ಈಚಿನ ವರ್ಷಗಳ ರೂಢಿ. ಆದ್ದರಿಂದ ಆ ಸೀಸನ್‌ನ ಕೊನೆಯ ಮುಂಬೈ ಟ್ರಿಪ್ ಯಾವತ್ತು ಅಂತ ವೇಳಾಪಟ್ಟಿಯಲ್ಲಿ ನೋಡಿ, ಅದಕ್ಕಿಂತ ಒಂದು ವಾರ ಮುಂಚಿನದನ್ನೇ ತೆಗೆದುಕೊಳ್ಳಿ. ಯಾವ ಹಡಗು ಅಂತಲೂ ಟಿಕೆಟ್‌ನಲ್ಲಿ ಹೆಸರು ನೋಡಿ. ಅವರ ಎಂಪ್ರೆಸ್ 1990ರ ಹಡಗು, ಮೊದಲು ರಾಯಲ್ ಕೆರಿಬಿಯನ್‌ನವರದು. ಚೆನ್ನಾಗಿಟ್ಟಿದ್ದಾರೆ, ಆದರೆ ಕ್ಯಾಬಿನ್ ಚಿಕ್ಕವು. ನಾರ್ವೀಜಿಯನ್ ಕ್ರೂಸ್ ಕಂಪನಿಯ ಸ್ಕೈ, ಸನ್ ಎಂಬ ಎರಡು ಹಡಗು ತರುತ್ತೇವೆ ಅಂತ ಕಾರ್ಡೀಲಿಯಾದವರು 2025ರಲ್ಲಿ ಹೇಳಿದ್ದಾರೆ. ಯೂಟ್ಯೂಬಿನಲ್ಲಿ ನೋಡಿದ ಕ್ಯಾಬಿನ್ ಒಂದು, ಸಿಗುವುದು ಇನ್ನೊಂದು ಆಗಬಾರದು.

ಲಕ್ಷದ್ವೀಪ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತ್ತೆಯವರು ಜೊತೆಗಿದ್ದರೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಸುತ್ತ ಹವಳದ ದಿಬ್ಬ. ಹೊರಗೆ ಆಳದಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿ. ಹಡಗಿನ ಹೊಟ್ಟೆಯಲ್ಲಿ ನೀರಿನ ಮಟ್ಟಕ್ಕೆ ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ದೋಣಿ ಅಲೆಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಇಬ್ಬರು ಎರಡೂ ತೋಳು ಹಿಡಿದು, ದೋಣಿ ಮೇಲೆ ಬಂದ ಗಳಿಗೆಗೆ ಸರಿಯಾಗಿ ಕಾಲಿಡಿ ಅನ್ನುತ್ತಾರೆ. ಮಕ್ಕಳಿಗೆ ಅದೇ ಮಜಾ. ಮೊಣಕಾಲು ನೋವಿದ್ದವರಿಗೆ ಆ ಒಂದು ಹೆಜ್ಜೆಯೇ ದೊಡ್ಡ ಕಷ್ಟ. ಅಲೆ ಜಾಸ್ತಿ ಇದ್ದ ದಿನ ಯಾರನ್ನೂ ಇಳಿಸುವುದಿಲ್ಲ. ಜೊತೆಗೆ ಅಲ್ಲಿಗೆ ಹೋಗಿ ಬರಲು ನಾಲ್ಕೈದು ರಾತ್ರಿ ಬೇಕು, ಪ್ರವೇಶಕ್ಕೆ ಪರ್ಮಿಟ್ ಬೇಕು. ಪರ್ಮಿಟ್ಟನ್ನು ಕ್ರೂಸ್‌ನವರೇ ಮಾಡಿಸುತ್ತಾರೆ, ಆದರೆ ಕಾಗದಪತ್ರ ಮುಂಚೆಯೇ ಕೊಡಬೇಕು. ಗೋವಾದಲ್ಲಿ ಈ ತಾಪತ್ರಯ ಇಲ್ಲ. ಮುರಗಾಂವ್ ಬಂದರಿನ ಧಕ್ಕೆಗೇ ಹಡಗು ತಾಗಿ ನಿಲ್ಲುತ್ತದೆ, ನಡೆದುಕೊಂಡು ಇಳಿಯಬಹುದು.

ಗೋವಾಕ್ಕೆ ಹೋದಾಗ ಒಂದು ದಿನದಲ್ಲಿ ಕಲಂಗುಟ್, ಬಾಗಾ ಅಂತ ಉತ್ತರಕ್ಕೆ ಓಡಬೇಡಿ. ಬಂದರು ಇರುವುದು ವಾಸ್ಕೋ ಕಡೆ. ಪಣಜಿಗೇ ಸುಮಾರು 30 ಕಿಲೋಮೀಟರ್. ಕಲಂಗುಟ್ ಮುಟ್ಟಿ ಬರುವುದರಲ್ಲಿ ಮಕ್ಕಳು ಕಾರಿನಲ್ಲೇ ಮಲಗಿರುತ್ತಾರೆ, ನಿಮಗೆ ವಾಪಸ್ ಹಡಗು ತಪ್ಪೀತೆಂಬ ಚಿಂತೆ. ವಾಸ್ಕೋದಿಂದ ಬೊಗ್ಮಾಳೋ ಹತ್ತಿರ. ದಾರಿಯಲ್ಲೇ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಸೀ ಹಾಕ್, ಸೀ ಹ್ಯಾರಿಯರ್, ದೊಡ್ಡ ಸೂಪರ್ ಕಾನ್ಸ್‌ಟಲೇಷನ್ ವಿಮಾನ ಎಲ್ಲ ಬಯಲಲ್ಲೇ ನಿಲ್ಲಿಸಿದ್ದಾರೆ. ಹುಡುಗರು ಅಲ್ಲಿಂದ ಕದಲುವುದಿಲ್ಲ. ಸೋಮವಾರ ಮಾತ್ರ ರಜೆ. ಆಮೇಲೆ ಬೊಗ್ಮಾಳೋ ಬೀಚಿನಲ್ಲಿ ಅತ್ತೆಯವರನ್ನು ನೆರಳಿಗೆ ಕೂರಿಸಿ ಊಟ ಮುಗಿಸಿ, ಹಡಗಿಗೆ ಹಿಂತಿರುಗಿ. ಗೋವಾದಲ್ಲಿ ಓಲಾ, ಊಬರ್ ಸಿಗುವುದಿಲ್ಲ. ಗೋವಾಮೈಲ್ಸ್ ಆ್ಯಪ್ ಇದೆ, ಇಲ್ಲವೇ ಬಂದರಿನ ಟ್ಯಾಕ್ಸಿ. ಒಂಬತ್ತು ಜನ ಅಂದಮೇಲೆ ಒಂದೇ ದೊಡ್ಡ ಗಾಡಿ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ವಾಸ್ಕೋದಲ್ಲಿ ನಮ್ಮ ಉತ್ತರ ಕರ್ನಾಟಕದವರು ಬೇಕಾದಷ್ಟು ಜನ ಇದ್ದಾರೆ, ರೇಟು ಕನ್ನಡದಲ್ಲೇ ಚೌಕಾಶಿ ಮಾಡಬಹುದು.

ಕ್ಯಾಬಿನ್ ಬಗ್ಗೆ. ಶಾಲೆ ರಜೆಯಲ್ಲಿ ಮೊದಲು ಖಾಲಿಯಾಗುವುದು ಅಗ್ಗದ ಕ್ಯಾಬಿನ್ ಅಲ್ಲ, ನಾಲ್ಕು ಜನ ಮಲಗುವ ಕ್ಯಾಬಿನ್. ಅವು ಎಲ್ಲ ಹಡಗಿನಲ್ಲೂ ಕಡಿಮೆಯೇ. ಕೆಳಗೆ ಎರಡು ಮಂಚ, ಮೇಲೆ ಗೋಡೆಯಿಂದ ಕೆಳಗಿಳಿಸುವ ಎರಡು ಬರ್ತ್, ರೈಲಿನ ಹಾಗೆ. ಮೂರನೆಯವರಿಗೆ, ನಾಲ್ಕನೆಯವರಿಗೆ ದರ ಬಹಳ ಇಳಿಯುತ್ತದೆ. ಹಾಗಾಗಿ ಮೇ ಟ್ರಿಪ್‌ಗೆ 2026ರ ಕೊನೆಯೊಳಗೇ ಬುಕ್ ಮಾಡಿ. ಒಂಬತ್ತು ಜನಕ್ಕೆ ನಾನಾಗಿದ್ದರೆ ಮೂರು ಕ್ಯಾಬಿನ್ ತೆಗೆದುಕೊಳ್ಳುತ್ತಿದ್ದೆ. ಅತ್ತೆಯವರ ಜೊತೆ ನಿಮ್ಮ ಮಗಳು ಒಂದರಲ್ಲಿ, ನೀವು ಮೂವರು ಇನ್ನೊಂದರಲ್ಲಿ, ಅಣ್ಣನ ಮನೆಯ ನಾಲ್ವರು ಮತ್ತೊಂದರಲ್ಲಿ. ಬಾಲ್ಕನಿ ಬೇಕಾ ಅಂತ ಕೇಳಿದ್ದೀರಿ. ಎರಡು ರಾತ್ರಿಗೆ ಅದು ದಂಡ. ಹಗಲಲ್ಲಿ ಯಾರೂ ಕ್ಯಾಬಿನ್‌ನಲ್ಲಿ ಇರುವುದಿಲ್ಲ. ಆ ದುಡ್ಡಿಗೆ ಅತ್ತೆಯವರಿಗೆ ಕಿಟಕಿ ಇರುವ, ಹಡಗಿನ ಮಧ್ಯಭಾಗದ, ಕೆಳಗಿನ ಡೆಕ್‌ನ, ಲಿಫ್ಟ್ ಹತ್ತಿರದ ಕ್ಯಾಬಿನ್ ಕೇಳಿ. ಅಲುಗಾಟ ಅಲ್ಲೇ ಕಡಿಮೆ. ವಾಂತಿಯ ಮಾತ್ರೆ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ತಲೆ ತಿರುಗಿದ ಮೇಲಲ್ಲ. ಮಕ್ಕಳಿಗೆ ಯಾವುದು, ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ರೇಟ್ ಹೋಲಿಸುವಾಗ ಮೊದಲು ಕಾಣುವ ಅಂಕಿ ನೋಡಬೇಡಿ. ಅದರ ಮೇಲೆ ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ ಸೇರುತ್ತದೆ. ಊಟ, ತಿಂಡಿ, ಶೋಗಳು ಸಾಮಾನ್ಯವಾಗಿ ಸೇರಿರುತ್ತವೆ, ವೈಫೈ, ತಂಪು ಪಾನೀಯ, ಗೋವಾ ಸುತ್ತಾಟ ಬೇರೆ. ಸಸ್ಯಾಹಾರ, ಜೈನ್ ಊಟಕ್ಕೆ ಯೋಚನೆ ಬೇಡ.

ಹೋಗುವ ದಾರಿ. ಹುಬ್ಬಳ್ಳಿಯವರು ವಂದೇ ಭಾರತ್‌ನಲ್ಲಿ ನೇರ ಪುಣೆಗೆ ಬರಲಿ. ಅದು ದಿನಾ ಇಲ್ಲ, ವಾರದಲ್ಲಿ ಮೂರೇ ದಿನ, ತಾರೀಖು ಹೊಂದಿಸಿಕೊಳ್ಳಬೇಕು. ರೈಲ್ವೆ ರಿಸರ್ವೇಷನ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಮೊದಲಿನ 120 ದಿನ ಈಗಿಲ್ಲ. ಮೇ 5ಕ್ಕೆ ಹಡಗು ಅಂತಾದರೆ ಮಾರ್ಚ್ ಮೊದಲ ವಾರದಲ್ಲೇ ಬೆಳಿಗ್ಗೆ ಮೊಬೈಲ್ ಹಿಡಿದು ಕೂರಬೇಕು, ಆ ಹೊತ್ತಿಗೆ ಅಣ್ಣನ ಮಕ್ಕಳ ಪರೀಕ್ಷೆ ಗಡಿಬಿಡಿ, ಅದಕ್ಕೆ ಟಿಕೆಟ್ ನೀವೇ ಮಾಡಿ. ಅವರು ಒಂದು ರಾತ್ರಿ ನಿಮ್ಮಲ್ಲಿ ಉಳಿಯಲಿ. ಮರುದಿನ ಬೆಳಿಗ್ಗೆ ಡೆಕ್ಕನ್ ಕ್ವೀನ್ ರೈಲು, ಪುಣೆ ಬಿಡುವುದು 7.15ಕ್ಕೆ, ಮುಂಬೈನ ಸಿಎಸ್‌ಎಂಟಿ ತಲುಪುವುದು ಹತ್ತೂವರೆಗೆ. ಅಲ್ಲಿಂದ ಬಲ್ಲಾರ್ಡ್ ಪಿಯರ್‌ನ ಹೊಸ ಕ್ರೂಸ್ ಟರ್ಮಿನಲ್ ಟ್ಯಾಕ್ಸಿಯಲ್ಲಿ ಹತ್ತೇ ನಿಮಿಷ. ಕಾರ್ ಬೇಡ. ರಜೆ ದಿನ ಖಂಡಾಳಾ ಘಾಟ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುವುದಿಲ್ಲ.

ಹತ್ತುವಾಗ ಮಕ್ಕಳಿಗೂ ಮೂಲ ಆಧಾರ್ ಇರಲಿ, ಶಾಲೆಯ ಐಡಿ ನಂಬಬೇಡಿ. ದೊಡ್ಡ ಬ್ಯಾಗನ್ನು ಅವರೇ ತೆಗೆದುಕೊಂಡು ಸಂಜೆ ಹೊತ್ತಿಗೆ ಕ್ಯಾಬಿನ್‌ಗೆ ತಲುಪಿಸುತ್ತಾರೆ. ಅಷ್ಟರಲ್ಲಿ ಮಕ್ಕಳು ಈಜುಕೊಳ ನೋಡಿಬಿಟ್ಟಿರುತ್ತಾರೆ. ಆದ್ದರಿಂದ ಈಜುಡುಗೆ, ಅತ್ತೆಯವರ ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ತೆಗೆದಿಡುತ್ತಾರೆ. ಹೊರಡುವ ಮೊದಲು ಸುರಕ್ಷತಾ ಡ್ರಿಲ್‌ಗೆ ಎಲ್ಲರೂ ಹೋಗಲೇಬೇಕು. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ ಮೇಲೆ ಈ ನಿಯಮ ಬಿಗಿಯಾಯಿತು. ದಡದ ನೆಟ್‌ವರ್ಕ್ ಹೋಗುತ್ತಲೇ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಟಿಕೆಟ್‌ಗೆ ಪೈಪೋಟಿ ಕೊಡುತ್ತದೆ.

ದುಡ್ಡು ಕಟ್ಟುವ ಮೊದಲು ರದ್ದು ಮಾಡಿದರೆ ಎಷ್ಟು ವಾಪಸ್, ತಾರೀಖು ಬದಲಿಸಬಹುದಾ, ಈ ಎರಡನ್ನು ಏಜೆಂಟ್‌ನಿಂದ ಬರಹದಲ್ಲಿ ತರಿಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಅಣ್ಣನ ಚಿಕ್ಕ ಮಗುವಿನ ವಯಸ್ಸು ನೀವು ಬರೆದಿಲ್ಲ. ತೀರಾ ಚಿಕ್ಕದಾದರೆ ಮೇಲಿನ ಬರ್ತ್‌ನಲ್ಲಿ ಮಲಗಿಸಲು ಆಗುವುದಿಲ್ಲ, ಆಗ ನಾಲ್ವರ ಕ್ಯಾಬಿನ್ ಲೆಕ್ಕವೇ ಬದಲಾಗುತ್ತದೆ. ವಯಸ್ಸು ಹೇಳಿ, ಕ್ಯಾಬಿನ್ ಹೇಗೆ ಹಂಚಬೇಕು ಅಂತ ಇನ್ನೊಮ್ಮೆ ನೋಡೋಣ.