ಗ್ರೀಕ್ ವ್ಯಾಕರಣಕ್ಕೆ ಕನ್ನಡದ ದಾರಿ

ಪ್ರಶ್ನೆ: ಮೇಡಂ, ನಾನು ಬೈಬಲ್ ಅನುವಾದ ತಂಡವೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಹೊಸ ಒಡಂಬಡಿಕೆಯ ಗ್ರೀಕ್ ಕಲಿಯುತ್ತಿದ್ದೇನೆ. ಕ್ರಿಯಾಪದದ ರೂಪಗಳೆಲ್ಲ ಬಾಯಿಪಾಠ ಆಗಿವೆ. ಆದರೂ ಒಂದು ವಚನ ಎದುರಿಗಿಟ್ಟುಕೊಂಡರೆ ಇಂಗ್ಲಿಷ್ ಬೈಬಲ್ ನೋಡದೆ ಮುಂದೆ ಹೋಗಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಬಾಯಿಪಾಠ ವ್ಯರ್ಥವಲ್ಲ, ಅದು ಬೇಕೇ ಬೇಕು. ತೊಡಕಿರುವುದು ನೀವು ಹಿಡಿದ ದಾರಿಯಲ್ಲಿ. ನಮ್ಮ ಕೈಗೆ ಸಿಗುವ ಗ್ರೀಕ್ ವ್ಯಾಕರಣಗಳು ಹೆಚ್ಚಾಗಿ ಇಂಗ್ಲಿಷ್ ಓದುಗರಿಗಾಗಿ ಬರೆದವು. ಇಂಗ್ಲಿಷಿನಲ್ಲಿ ಇಲ್ಲದ್ದನ್ನು ತಿಳಿಸಲು ಅವಕ್ಕೆ ಪುಟಗಟ್ಟಲೆ ವಿವರಣೆ ಬೇಕು. ಅದರಲ್ಲಿ ಎಷ್ಟೋ ಸಂಗತಿ ಕನ್ನಡದಲ್ಲಿ ಮೊದಲೇ ಇದೆ. ನೀವು ದಿನಾ ಆಡುವ ಮಾತನ್ನೇ ಹೊಸ ವಿಷಯ ಅಂತ ಕಲಿಯುತ್ತಿದ್ದೀರಿ.

ವಿಭಕ್ತಿಯನ್ನೇ ನೋಡಿ. ಗ್ರೀಕಿನಲ್ಲಿ ಇರುವುದು ಐದು, ಸಂಬೋಧನೆಯೂ ಸೇರಿ. ಅಲ್ಲಿ ಷಷ್ಠಿಯೇ ಪಂಚಮಿಯ ಕೆಲಸವನ್ನೂ ಮಾಡುತ್ತದೆ. ಚತುರ್ಥಿಯೇ ತೃತೀಯಾ ಮತ್ತು ಸಪ್ತಮಿಯ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಇಷ್ಟು ತಿಳಿದರೆ, ಕರ್ತೃ ವಾಕ್ಯದ ಕೊನೆಯಲ್ಲಿ ಬಂದರೂ ನೀವು ಗಾಬರಿಯಾಗುವುದಿಲ್ಲ. ಕನ್ನಡದಲ್ಲೂ ಪದಗಳನ್ನು ಹಿಂದೆ ಮುಂದೆ ಮಾಡಬಹುದು, ಪ್ರತ್ಯಯ ದಾರಿ ತೋರಿಸುತ್ತದೆ, ಅಲ್ವಾ?

ನಾನು ಹೊಸಬರ ಜೊತೆ ಜಾಸ್ತಿ ಹೊತ್ತು ಕೂರುವುದು ನ್ಯೂನಕ್ರಿಯೆಗಳ ಮುಂದೆ, ಅಂದರೆ ‘ಮಾಡಿ’, ‘ಮಾಡುತ್ತಾ’ ಹಾಗೆ ವಾಕ್ಯ ಮುಗಿಸದ ಕ್ರಿಯಾರೂಪಗಳ ಮುಂದೆ. ಮತ್ತಾಯ 28:19-20 ತೆಗೆಯಿರಿ. ಅಲ್ಲಿ ಪೂರ್ಣವಾದ ಆಜ್ಞೆ ಒಂದೇ, ‘ಶಿಷ್ಯರನ್ನಾಗಿ ಮಾಡಿರಿ’. ಹೋಗುವುದು, ದೀಕ್ಷಾಸ್ನಾನ ಕೊಡುವುದು, ಕಲಿಸುವುದು ಮೂರೂ ಗ್ರೀಕಿನಲ್ಲಿ ಪಾರ್ಟಿಸಿಪಲ್ ರೂಪದಲ್ಲಿವೆ, ಅಂದರೆ ನಮ್ಮ ನ್ಯೂನಕ್ರಿಯೆಯಂಥ ರೂಪದಲ್ಲಿ. ಮೊದಲನೆಯದಕ್ಕೆ ಆಜ್ಞೆಯ ಬಲ ಇದೆಯೋ ಇಲ್ಲವೋ ಎಂದು ಇಂಗ್ಲಿಷ್ ಪುಸ್ತಕಗಳಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ನೀವು ಯಾರಿಗಾದರೂ ‘ಹೋಗಿ ತನ್ನಿ’ ಅನ್ನುತ್ತೀರಿ. ಆಜ್ಞೆ ಇರುವುದು ‘ತನ್ನಿ’ಯಲ್ಲಿ. ಹಾಗಂತ ಕೇಳಿದವರು ಹೋಗದೆ ಇರುತ್ತಾರೆಯೇ? ಕೊನೆಯ ಕ್ರಿಯಾಪದದ ಬಲ ಹಿಂದಿನದಕ್ಕೂ ಹರಿಯುತ್ತದೆ. ಮತ್ತಾಯನ ವಾಕ್ಯದಲ್ಲೂ ಹಾಗೆಯೇ. ಉಳಿದ ಎರಡು ಬೇರೆ ಬಗೆಯವು, ನಮ್ಮ ‘-ಉತ್ತಾ’ ರೂಪಕ್ಕೆ ಹತ್ತಿರ.

ಕರ್ತೃ ಬದಲಾದಾಗ ಗ್ರೀಕಿನವರು ನಾಮಪದ, ಪಾರ್ಟಿಸಿಪಲ್ ಎರಡನ್ನೂ ಷಷ್ಠಿಯಲ್ಲಿಟ್ಟು ಪಕ್ಕಕ್ಕೆ ಕೂರಿಸುತ್ತಾರೆ. ಮಾರ್ಕ 1:32ರಲ್ಲಿ ‘ಸಂಜೆಯಾದಾಗ’ ಎಂಬುದು ಹೀಗೇ ಬಂದಿದೆ. ಸಂಸ್ಕೃತದ ಸತಿ ಸಪ್ತಮಿ (ಎರಡನ್ನೂ ಸಪ್ತಮಿಯಲ್ಲಿಡುವ ಇಂಥದ್ದೇ ರಚನೆ) ಶಾಲೆಯಲ್ಲಿ ಓದಿದವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಹಳೆಯ ಬರಹದ ‘ಸಂಜೆಯಾಗಲು’ ನೆನಪಾದರೂ ಸಾಕು.

ಆದರೆ ಈ ಹತ್ತಿರದ ನಂಟೇ ಕೆಲವು ಕಡೆ ಕಷ್ಟ ಕೊಡುತ್ತದೆ. ಗ್ರೀಕ್ ಪಾರ್ಟಿಸಿಪಲ್ ಕಾರಣ ಹೇಳುತ್ತಿದೆಯೋ, ವಿರೋಧ ಹೇಳುತ್ತಿದೆಯೋ ಎಂದು ರೂಪ ನೋಡಿ ಗೊತ್ತಾಗುವುದಿಲ್ಲ. ಫಿಲಿಪ್ಪಿ 2:6ರಲ್ಲಿ ಕ್ರಿಸ್ತನು ದೇವಸ್ವರೂಪನಾಗಿ ‘ಇದ್ದರೂ’ ತನ್ನನ್ನು ಬರಿದು ಮಾಡಿಕೊಂಡನೋ, ‘ಇದ್ದುದರಿಂದಲೇ’ ಹಾಗೆ ಮಾಡಿದನೋ? ಎರಡನ್ನೂ ಗಟ್ಟಿಯಾಗಿ ವಾದಿಸುವವರಿದ್ದಾರೆ. ‘ಇದ್ದು’ ಎಂದಷ್ಟೇ ಬರೆದರೆ ಪ್ರಶ್ನೆ ತೆರೆದೇ ಉಳಿಯುತ್ತದೆ. ಅದು ಬೇಕೆಂದೇ ಮಾಡಿದ್ದಾದರೆ ಸರಿ. ಅಭ್ಯಾಸಬಲದಿಂದ ಸುಮ್ನೆ ‘ಇದ್ದು’ ಬರೆದು ಮುಂದೆ ಹೋಗಬೇಡಿ. ತಂಡದಲ್ಲಿ ಕೂತು ಮಾತಾಡಿ, ಕಾರಣ ಬರೆದಿಡಿ.

ಇನ್ನೊಂದು ಎಚ್ಚರ ಉದ್ದ ವಾಕ್ಯಗಳದ್ದು. ಎಫೆಸ 1:3ರಿಂದ 14ರವರೆಗೆ ಗ್ರೀಕಿನಲ್ಲಿ ಒಂದೇ ವಾಕ್ಯ, ಹತ್ತಿರ ಹತ್ತಿರ 200 ಪದ. ಕನ್ನಡದಲ್ಲಿ ಅದನ್ನು ಹಾಗೇ ಹೆಣೆಯಬಹುದು. ಆದರೆ ಕ್ರಿಯಾಪದ ಬರುವಷ್ಟರಲ್ಲಿ ಕೇಳುವವರಿಗೆ ಆರಂಭ ಮರೆತಿರುತ್ತದೆ. ಒಡೆಯಲೇಬೇಕು. ಎಲ್ಲಿ ಒಡೆಯಬೇಕು ಅನ್ನುವುದಕ್ಕೇ ವಾಕ್ಯರಚನೆ ಕಲಿಯುವುದು. ಎಫೆಸ 5:18ರಲ್ಲಿ ‘ಆತ್ಮಭರಿತರಾಗಿರಿ’ ಎಂಬ ಆಜ್ಞೆ ಇದೆ. ಅದಕ್ಕೆ ಐದು ಪಾರ್ಟಿಸಿಪಲ್‌ಗಳು ತೂಗಿಕೊಂಡಿವೆ. ಕೊನೆಯದು 21ನೇ ವಚನದ ‘ಒಬ್ಬರಿಗೊಬ್ಬರು ತಗ್ಗಿ ನಡೆಯುತ್ತಾ’. ಹೆಂಡತಿಯರಿಗೆ ಹೇಳಿದ 22ನೇ ವಚನಕ್ಕೆ, ಪ್ಯಾಪಿರಸ್ 46 ಮತ್ತು ವ್ಯಾಟಿಕನಸ್ ಎಂಬ ಬಹಳ ಹಳೆಯ ಹಸ್ತಪ್ರತಿಗಳಲ್ಲಿ, ಸ್ವಂತ ಕ್ರಿಯಾಪದವೇ ಇಲ್ಲ. ಹಿಂದಿನ ವಚನದಿಂದಲೇ ಅದನ್ನು ಎರವಲು ಪಡೆಯಬೇಕು. ಈ ಎರಡರ ನಡುವೆ ದಪ್ಪಕ್ಷರದ ಉಪಶೀರ್ಷಿಕೆ ಹಾಕಿದ ಮುದ್ರಣ ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಎಲ್ಲರಿಗೂ ಹೇಳಿದ ಮಾತು ಅಲ್ಲಿ ಒಬ್ಬರಿಗೆ ಮಾತ್ರ ಹೇಳಿದ ಹಾಗೆ ಕೇಳುತ್ತದೆ.

ಹಾಗಾಗಿ ದಿನಕ್ಕೊಂದು ವಾಕ್ಯ ಸಾಕು. ಪೂರ್ಣ ಕ್ರಿಯಾಪದ ಹುಡುಕಿ, ಕೆಳಗೆ ಗೆರೆ ಎಳೆಯಿರಿ. ಉಳಿದ ಪ್ರತಿಯೊಂದು ತುಂಡೂ ಯಾವುದಕ್ಕೆ ಅಂಟಿದೆ ಎಂದು ಬಾಣ ಹಾಕಿ. ಆಮೇಲೆ ಒರಟಾಗಿಯಾದರೂ ಕನ್ನಡದಲ್ಲಿ ಜೋರಾಗಿ ಹೇಳಿ. ಇಂಗ್ಲಿಷ್ ಬೈಬಲ್ ನೋಡುವುದು ಇದೆಲ್ಲ ಮುಗಿದ ಮೇಲೆ.

ಪ್ರಶ್ನೆ: ಗ್ರೀಕಿನ ಅಯೋರಿಸ್ಟ್ ಎಂಬ ಕ್ರಿಯಾರೂಪ ಅಂದರೆ ‘ಒಂದೇ ಸಲಕ್ಕೆ, ಶಾಶ್ವತವಾಗಿ’ ಮುಗಿದ ಕೆಲಸ ಎಂದು ಪ್ರಸಂಗದಲ್ಲಿ ಕೇಳಿದೆ. ಅನುವಾದದಲ್ಲಿ ಅದನ್ನು ತೋರಿಸಬೇಕೇ?

ಉತ್ತರ: ಬೇಡ. ಅಯೋರಿಸ್ಟ್ ಕೆಲಸವನ್ನು ಒಟ್ಟಾಗಿ ನೋಡುತ್ತದೆ, ಅಷ್ಟೇ. ಅದು ಎಷ್ಟು ಹೊತ್ತು ನಡೆಯಿತು, ಮತ್ತೆ ನಡೆಯಿತೇ ಎಂದು ಹೇಳುವುದಿಲ್ಲ. ಯೋಹಾನ 2:20ರಲ್ಲಿ ದೇವಾಲಯವನ್ನು 46 ವರ್ಷ ಕಟ್ಟಿದ್ದಕ್ಕೂ ಅಯೋರಿಸ್ಟೇ ಇದೆ. ರೋಮಾ 5:14ರಲ್ಲಿ ಆದಾಮನಿಂದ ಮೋಶೆಯವರೆಗೆ ಮರಣ ಆಳಿದ್ದಕ್ಕೂ ಅದೇ. ಈ ತಪ್ಪು ತಿಳಿವಳಿಕೆಯ ಬಗ್ಗೆ ಹೊಸ ಒಡಂಬಡಿಕೆಯ ವಿದ್ವಾಂಸ ಫ್ರ್ಯಾಂಕ್ ಸ್ಟ್ಯಾಗ್ 1972ರಲ್ಲೇ ಒಂದು ಲೇಖನ ಬರೆದು ಎಚ್ಚರಿಸಿದ್ದರು. ಪ್ರಸಂಗಗಳಲ್ಲಿ ಅದು ಇನ್ನೂ ಕೇಳಿಬರುತ್ತಿದೆ.

ನಿಮ್ಮ ಗಮನ ಪರ್ಫೆಕ್ಟ್ ರೂಪದ ಕಡೆಗಿರಲಿ. 1 ಕೊರಿಂಥ 15:3-4ರಲ್ಲಿ ಕ್ರಿಸ್ತನು ಸತ್ತದ್ದು, ಹೂಣಲ್ಪಟ್ಟದ್ದು ಅಯೋರಿಸ್ಟ್‌ನಲ್ಲಿವೆ. ಎಬ್ಬಿಸಲ್ಪಟ್ಟದ್ದು ಮಾತ್ರ ಪರ್ಫೆಕ್ಟ್. ಕೆಲಸ ಆಗಿದೆ, ಅದರ ಸ್ಥಿತಿ ಈಗಲೂ ಇದೆ ಎಂಬ ಭಾವ. ಕನ್ನಡದಲ್ಲಿ ‘ಸತ್ತನು’, ‘ಎದ್ದಿದ್ದಾನೆ’ ಎಂಬ ಎರಡು ರೂಪಗಳು ಈ ವ್ಯತ್ಯಾಸವನ್ನು ಎಷ್ಟು ಸಲೀಸಾಗಿ ಹೇಳುತ್ತವೆ ನೋಡಿ! ಹಾಗಿರುವಾಗ ಎಲ್ಲವನ್ನೂ ‘-ದನು’ ಎಂದು ಸಮ ಮಾಡುವುದು ಪೌಲನಿಗೂ ಅನ್ಯಾಯ, ಕನ್ನಡಕ್ಕೂ ಅನ್ಯಾಯ.

ಪ್ರಶ್ನೆ: 2 ಕೊರಿಂಥ 5:14ರ ‘ಕ್ರಿಸ್ತನ ಪ್ರೀತಿ’ ಎಂದರೆ ಕ್ರಿಸ್ತನು ನಮ್ಮನ್ನು ಪ್ರೀತಿಸುವುದೋ, ನಾವು ಆತನನ್ನು ಪ್ರೀತಿಸುವುದೋ?

ಉತ್ತರ: ಗ್ರೀಕ್ ಷಷ್ಠಿಗೆ ಎರಡೂ ಅರ್ಥ ಬರಬಹುದು. ಮುಂದಿನ ಮಾತು ‘ಒಬ್ಬನು ಎಲ್ಲರಿಗೋಸ್ಕರ ಸತ್ತನು’ ಎಂದಿರುವುದರಿಂದ ಕ್ರಿಸ್ತನು ತೋರಿಸಿದ ಪ್ರೀತಿ ಎಂದೇ ನನ್ನ ಓದು. ಕನ್ನಡದ ‘ಕ್ರಿಸ್ತನ ಪ್ರೀತಿ’ ಕೂಡ ಆ ಕಡೆಗೇ ವಾಲುತ್ತದೆ. ಇನ್ನೊಂದು ಅರ್ಥಕ್ಕೆ ನಾವು ‘ಕ್ರಿಸ್ತನ ಮೇಲಿನ ಪ್ರೀತಿ’ ಅನ್ನುತ್ತೇವೆ. ಇಲ್ಲಿ ಷಷ್ಠಿಯನ್ನು ಮುಟ್ಟದೆ ಬಿಡಿ.

ಪ್ರಶ್ನೆ: ಗ್ರೀಕ್ ಹೊಸ ಒಡಂಬಡಿಕೆಯ ಮುದ್ರಣಗಳಾದ ನೆಸ್ಲೆ-ಆಲಾಂಡ್ 28, ಯುಬಿಎಸ್ (ಯುನೈಟೆಡ್ ಬೈಬಲ್ ಸೊಸೈಟೀಸ್) 5 ಎರಡರಲ್ಲಿ ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲನೆಯದು 2012ರದ್ದು, ಎರಡನೆಯದು 2014ರದ್ದು. ಒಳಗಿನ ಗ್ರೀಕ್ ಪಾಠ ಒಂದೇ. ಯುಬಿಎಸ್ ಅನುವಾದಕರಿಗಾಗಿಯೇ ಮಾಡಿದ್ದು. ಅದರಲ್ಲಿ ತೋರಿಸಿದ ಪಾಠಭೇದಗಳು (ಹಸ್ತಪ್ರತಿಗಳ ನಡುವಿನ ವ್ಯತ್ಯಾಸಗಳು) ಕಡಿಮೆ, ಆದರೆ ಒಂದೊಂದಕ್ಕೂ ಹಸ್ತಪ್ರತಿಗಳ ಆಧಾರ ವಿವರವಾಗಿದೆ. ಸಂಪಾದಕರಿಗೆ ಎಷ್ಟು ಖಾತ್ರಿ ಇದೆ ಎಂದು ಎ ಯಿಂದ ಡಿ ವರೆಗೆ ಗುರುತೂ ಹಾಕಿದ್ದಾರೆ. ಅದರಿಂದಲೇ ಶುರು ಮಾಡಿ.