ಓದುಗರ ಪ್ರಶ್ನೆ, ಸಂಪಾದಕರ ಉತ್ತರ: ಯಂತ್ರ ಬರೆದದ್ದೆಷ್ಟು, ನೀವು ಬರೆದದ್ದೆಷ್ಟು?

ಪ್ರಶ್ನೆ: ಪಶ್ಚಿಮಘಟ್ಟದ ಚಾರಣಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಮೆಜಾನ್‌ನ ಕಿಂಡಲ್‌ಗೆ ನಾನೇ ಏರಿಸಬೇಕೆಂದಿದ್ದೇನೆ. ಹನ್ನೆರಡು ಅಧ್ಯಾಯಗಳಲ್ಲಿ ಎರಡನ್ನು ಚಾಟ್‌ಜಿಪಿಟಿಯಿಂದ ಬರೆಸಿ, ಬಳಿಕ ಒಂದು ಸಾಲನ್ನೂ ಬಿಡದೆ ತಿದ್ದಿದ್ದೇನೆ. ಉಳಿದ ಹತ್ತಕ್ಕೆ ವ್ಯಾಕರಣದ ಮಟ್ಟಿಗೆ ಮಾತ್ರ ಅದರ ನೆರವು ಪಡೆದೆ. ಇದನ್ನೆಲ್ಲ ತಿಳಿಸಬೇಕೆ?
— ಓದುಗರೊಬ್ಬರು, ಮೈಸೂರು

ಉತ್ತರ: ಆ ಎರಡು ಅಧ್ಯಾಯಗಳ ಬಗ್ಗೆ ತಿಳಿಸಬೇಕು, ಹತ್ತರ ಬಗ್ಗೆ ಬೇಕಿಲ್ಲ. ಹೊಸ ಪುಸ್ತಕ ಏರಿಸುವವರಿಗೂ ಹಳೆಯದನ್ನು ತಿದ್ದಿ ಮತ್ತೆ ಪ್ರಕಟಿಸುವವರಿಗೂ ಅಮೆಜಾನ್‌ನ ಸ್ವಯಂಪ್ರಕಟಣೆಯ ವೇದಿಕೆಯಾದ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್, ಯಂತ್ರ ಸೃಷ್ಟಿಸಿದ್ದೇನಾದರೂ ಇದೆಯೇ ಎಂಬ ಪ್ರಶ್ನೆಯನ್ನು 2023ರ ಸೆಪ್ಟೆಂಬರ್‌ನಿಂದ ಕೇಳುತ್ತಿದೆ. ಪಠ್ಯ, ಅನುವಾದ, ಮುಖಪುಟ ಹಾಗೂ ಒಳಪುಟಗಳ ಚಿತ್ರ, ಇವುಗಳಲ್ಲಿ ಯಾವುದನ್ನು ಯಂತ್ರ ಸೃಷ್ಟಿಸಿದ್ದರೂ, ಆಮೇಲೆ ನೀವು ಎಷ್ಟೇ ತಿದ್ದಿದ್ದರೂ, ಅದು ಯಂತ್ರಸೃಷ್ಟಿಯೇ. ನೀವೇ ಬರೆದುದನ್ನು ಯಂತ್ರದಿಂದ ತಿದ್ದಿಸಿದರೆ, ಅಥವಾ ಅದರೊಡನೆ ಹರಟಿ ಹೊಳಹು ಪಡೆದು ನೀವೇ ಬರೆದರೆ ಅದು ನೆರವು ಮಾತ್ರ. ಕರು ಯಾರ ಹಟ್ಟಿಯಲ್ಲಿ ಹುಟ್ಟಿತು ಎಂಬುದನ್ನಷ್ಟೇ ಈ ನಿಯಮ ಕೇಳುತ್ತದೆ, ಆಮೇಲೆ ಮೈ ತೊಳೆದವರು ಯಾರೆಂದು ಕೇಳುವುದಿಲ್ಲ. ಸಾಲು ಸಾಲೂ ತಿದ್ದಿದ ನಿಮಗೆ ಇದು ಅನ್ಯಾಯವೆನ್ನಿಸಬಹುದು. ಆದರೆ ತಿದ್ದಿದ್ದು ಎಷ್ಟು ಎಂಬುದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲದಿರುವಾಗ ಹುಟ್ಟನ್ನು ಕೇಳುವುದೇ ಪ್ರಾಮಾಣಿಕರಿಗೆ ಸುಲಭವೆಂದು ನನಗೆ ತೋರುತ್ತದೆ.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಜೇನ್ ಫ್ರೀಡ್‌ಮನ್ ಎಂಬ ಲೇಖಕಿ, ತಾವು ಬರೆಯದ, ಯಂತ್ರ ಬರೆದಂತಿದ್ದ ಪುಸ್ತಕಗಳು ತಮ್ಮ ಹೆಸರಿನಲ್ಲಿ ಅಮೆಜಾನ್‌ನಲ್ಲಿ ಮಾರಾಟಕ್ಕಿರುವುದನ್ನು ಬಯಲಿಗೆ ತಂದಿದ್ದರು. ಒಬ್ಬರು ದಿನಕ್ಕೆ 3ಕ್ಕಿಂತ ಹೆಚ್ಚು ಪುಸ್ತಕ ಏರಿಸಬಾರದೆಂಬ ಮಿತಿಯೂ ಆ ಸೆಪ್ಟೆಂಬರ್‌ನಲ್ಲೇ ಬಂತು. (ದಿನಕ್ಕೆ ಮೂರು! ಜೀವಮಾನದಲ್ಲಿ ಮೂರು ಬರೆದವರಿಗೆ ಈ ಮಿತಿ ಯಾರಿಗಾಗಿ ಎಂದು ಸೋಜಿಗವಾದೀತು.) ಆದರೆ ನೀವು ಕೊಟ್ಟ ಮಾಹಿತಿಯನ್ನು ಓದುಗರಿಗೆ ತೋರಿಸುವ ಏರ್ಪಾಡನ್ನು ಅಮೆಜಾನ್ ಈ ನಿಯಮದೊಂದಿಗೆ ಮಾಡಲಿಲ್ಲ. ಆದ್ದರಿಂದ ‘ಲೇಖಕರ ಮಾತಿ’ನಲ್ಲಿ ನೀವೇ ಎರಡು ಸಾಲು ಬರೆಯಿರಿ. ಚಾರಣದ ಪುಸ್ತಕವನ್ನು ನಂಬಿ ಕಾಡಿಗೆ ಹೋಗುವವರಿದ್ದಾರೆ. ಆ ಎರಡು ಅಧ್ಯಾಯಗಳಲ್ಲಿ ಹೇಳಿದ ದಾರಿ, ದೂರ, ನೀರಿನ ಸೆಲೆ ಎಲ್ಲವನ್ನೂ ನಡೆದು ನೋಡಿಯೇ ಅಚ್ಚಿಗೆ ಕೊಡಿ.

ಪ್ರಶ್ನೆ: ಮಾಸ್ತಿಯವರ ಕೆಲವು ಕಥೆಗಳನ್ನು ಇಲ್ಲಿಯ ಕನ್ನಡ ಮಕ್ಕಳಿಗಾಗಿ ಚಾಟ್‌ಜಿಪಿಟಿಯಿಂದ ಇಂಗ್ಲಿಷಿಗೆ ತಂದು, ಬೆಂಗಳೂರಿನಲ್ಲಿ ಅಚ್ಚು ಹಾಕಿಸುವ ಆಸೆಯಿದೆ. ಅನುವಾದಿಸುವುದು ಯಂತ್ರವಾದ್ದರಿಂದ ಅನುಮತಿ ಬೇಡವೆಂದು ಗೆಳೆಯರು ಹೇಳುತ್ತಾರೆ.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಗೆಳೆಯರ ಮಾತನ್ನು ನಂಬಬೇಡಿ. ಅನುವಾದಿಸುವ ಹಕ್ಕು ಮೂಲಕೃತಿಯ ಹಕ್ಕುದಾರರದು. ಅನುವಾದ ಮಾಡಿದ್ದು ಪೆನ್ನೋ ಯಂತ್ರವೋ ಎಂಬುದರಿಂದ ಅದು ಬದಲಾಗದು. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷ ಹಕ್ಕು ಉಳಿಯುವುದರಿಂದ, 2046 ಮುಗಿಯುವವರೆಗೆ ಅನುಮತಿ ಬೇಕು. ಅನುಮತಿ ಕೇಳುವಾಗ ಯಂತ್ರದ ನೆರವು ಪಡೆಯುವುದನ್ನೂ ಕಾಗದದಲ್ಲಿ ಸ್ಪಷ್ಟವಾಗಿ ಬರೆಯಿರಿ. ಮೂಲಕ್ಕೂ ಅನುವಾದಕ್ಕೂ ವಾಕ್ಯ ವಾಕ್ಯ ತಾಳೆ ನೋಡುವ ಕೆಲಸ ಹೇಗೂ ನಿಮ್ಮ ಪಾಲಿನದು: ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಕ್ಷಮೆ ಕೇಳುವವನನ್ನು ಯಂತ್ರವು ಊಟಕ್ಕೆ ಕೂರಿಸಿದರೆ, ಹೆಸರು ಕೆಡುವುದು ಮುಖಪುಟದಲ್ಲಿರುವವರದು.

ಪ್ರಶ್ನೆ: ಮಕ್ಕಳ ಕಥೆ ನನ್ನದು, ಚಿತ್ರಗಳು ಹೇಳಿದಂತೆ ಚಿತ್ರ ಬಿಡಿಸಿಕೊಡುವ ಯಂತ್ರವಾದ ಮಿಡ್‌ಜರ್ನಿಯವು. ಕೃತಿಸ್ವಾಮ್ಯ ಯಾರದು?
— ಓದುಗರೊಬ್ಬರು, ಧಾರವಾಡ

ಉತ್ತರ: ಕಥೆಯದು ನಿಮ್ಮದೇ, ಅದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಚಿತ್ರಗಳದು. ಇಂಥದೇ ಪ್ರಸಂಗದಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು 2023ರ ಫೆಬ್ರವರಿಯಲ್ಲಿ, ಕ್ರಿಸ್ ಕಾಷ್ಟನೋವಾ ಅವರ ಕಾಮಿಕ್ಸ್ ಪುಸ್ತಕದ ಪಠ್ಯಕ್ಕೂ ಪಠ್ಯ–ಚಿತ್ರಗಳ ಆಯ್ಕೆ ಮತ್ತು ಜೋಡಣೆಗೂ ರಕ್ಷಣೆ ಕೊಟ್ಟು, ಮಿಡ್‌ಜರ್ನಿ ಬಿಡಿಸಿದ ಬಿಡಿ ಚಿತ್ರಗಳಿಗೆ ಕೊಡಲಿಲ್ಲ. ಯಂತ್ರಕ್ಕೆ ಸೂಚನೆ ಕೊಟ್ಟ ಮಾತ್ರಕ್ಕೆ ಯಾರೂ ಕರ್ತೃವಾಗುವುದಿಲ್ಲವೆಂದು 2025ರ ಜನವರಿಯ ವರದಿಯಲ್ಲಿಯೂ ಅದೇ ಕಚೇರಿ ಹೇಳಿತು. ನಮ್ಮ ಕಾಯಿದೆಗೆ 1994ರಲ್ಲಿ ಸೇರಿದ ಒಂದು ಮಾತು ಮಾತ್ರ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ‘ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿ’ಯೇ ಕರ್ತೃ ಎನ್ನುತ್ತದೆ. ಇದು ನಿಮ್ಮ ಪರವಾಗಿರುವಂತೆ ಕಾಣುತ್ತದೆ, ನಿಜ. ಆದರೆ ಅದು ಬಂದದ್ದು ಈಗಿನ ಯಂತ್ರಗಳು ಕನಸಿನಲ್ಲೂ ಇಲ್ಲದ ಕಾಲದಲ್ಲಿ. ಅಲ್ಲದೆ ಕೃತಿಸ್ವಾಮ್ಯ ಸಿಗಲು ಬರಿಯ ಶ್ರಮ ಸಾಲದು, ಕೌಶಲ, ವಿವೇಚನೆ ಮತ್ತು ಕಿಂಚಿತ್ತಾದರೂ ಸೃಜನಶೀಲತೆ ಬೇಕೆಂದು ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನೂ ಜೊತೆಗಿಟ್ಟು ಓದಬೇಕು. ಯಾರಾದರೂ ನಿಮ್ಮ ಚಿತ್ರವನ್ನು ನಕಲು ಮಾಡಿದರೆ ತಡೆಯಲು ಆಗದೆಯೂ ಇರಬಹುದೆಂದು ಎಣಿಸಿಯೇ ಮುಂದುವರಿಯಿರಿ. ಊರಿನ ಕಲಾವಿದರೊಬ್ಬರಿಗೆ ಗೌರವಧನ ಕೊಟ್ಟು ಬರೆಸಿದರೆ ಈ ತೊಡಕು ಇರುವುದಿಲ್ಲ ಎಂಬುದು ನನ್ನ ಪಕ್ಷಪಾತದ ಸಲಹೆ.

ಪ್ರಶ್ನೆ: ಚಾಟ್‌ಜಿಪಿಟಿಯನ್ನು ಸಹಲೇಖಕ ಎಂದು ಹಾಕಬಹುದೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ. ಕರಾರಿಗೆ ರುಜು ಹಾಕಲಾಗದ, ತಪ್ಪಿಗೆ ಉತ್ತರ ಕೊಡಲಾಗದ ಯಂತ್ರವು ಲೇಖಕನಾಗದೆಂದು ವಿದ್ವತ್ ಪ್ರಕಾಶಕರ ನೀತಿಸಮಿತಿಯಾದ ಕೋಪ್ 2023ರಲ್ಲೇ ಹೇಳಿದೆ. ಅರಿಕೆಯಲ್ಲಿ ಹೆಸರಿಸಿದರೆ ಸಾಕು.

ಪ್ರಶ್ನೆ: ಪ್ರಕಾಶಕರೊಬ್ಬರು ನನ್ನ ಹಸ್ತಪ್ರತಿಯನ್ನು ಯಾವುದೋ ಪತ್ತೆ ತಂತ್ರಾಂಶಕ್ಕೆ ಹಾಕಿ, ಯಂತ್ರ ಬರೆದದ್ದೆಂದು ವಾಪಸು ಕಳಿಸಿದರು. ಪ್ರತಿಯೊಂದು ಅಕ್ಷರವೂ ನನ್ನದು.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ನೋವು ನ್ಯಾಯವಾದುದು. ಚಾಟ್‌ಜಿಪಿಟಿಯನ್ನು ಕಟ್ಟಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಸಾಲದೆಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಂಥ ಸಾಧನದ ಮಾತೊಂದನ್ನೇ ನಂಬಿ ಲೇಖಕರನ್ನು ಕಳ್ಳರೆನ್ನುವುದು ಸಂಪಾದಕರ ಕೆಲಸವಲ್ಲ. ನಿಮ್ಮ ನೋಟ್‌ಬುಕ್, ಹೊಡೆದುಹಾಕಿದ ಸಾಲುಗಳಿರುವ ಹಾಳೆ, ದಿನಾಂಕವಿರುವ ಹಳೆಯ ಕಡತಗಳನ್ನು ಹಿಡಿದು ಮತ್ತೆ ಬರೆಯಿರಿ, ಮುಖಾಮುಖಿ ಮಾತಿಗೂ ಸಿದ್ಧವೆಂದು ತಿಳಿಸಿ. ಇನ್ನು ಮುಂದೆ ಒಂದೊಂದು ಕರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಕರಾರಿನವರೆಗೆ ಮಾತು ಬಂದರೆ, ‘ಯಂತ್ರದ ನೆರವಿಲ್ಲ’ ಎಂಬ ಒಂದೇ ಸಾಲಿಗೆ ರುಜು ಹಾಕಬೇಡಿ: ಕಾಗುಣಿತ ತಿದ್ದುವ ತಂತ್ರಾಂಶವೂ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಅದೇ ಕರಾರಿನಲ್ಲಿ, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಪುಸ್ತಕವನ್ನು ಯಂತ್ರಗಳ ತರಬೇತಿಗೆ ಕೊಡುವಂತಿಲ್ಲ, ಯಂತ್ರದಿಂದ ಅನುವಾದಿಸುವಂತಿಲ್ಲ, ಯಂತ್ರದ ದನಿಯಲ್ಲಿ ಆಡಿಯೋ ಪುಸ್ತಕ ಮಾಡುವಂತಿಲ್ಲ ಎಂದೂ ಸೇರಿಸಲು ಹೇಳಿ. ಪೆಂಗ್ವಿನ್ ರ‍್ಯಾಂಡಮ್ ಹೌಸ್ 2024ರಲ್ಲಿ ತರಬೇತಿಯ ನಿಷೇಧವನ್ನು ತನ್ನ ಪುಸ್ತಕಗಳ ಕೃತಿಸ್ವಾಮ್ಯದ ಪುಟಕ್ಕೇ ಸೇರಿಸಿತು. ನಿಮ್ಮ ಪ್ರಕಾಶಕರು ಅದಕ್ಕೆ ಒಪ್ಪದಿದ್ದರೆ ಕಾರಣ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿಯೇ ಪಡೆಯಿರಿ.