ತೋಡಿ ರಾಗಿಣಿಯ ಸುತ್ತ ಜಿಂಕೆಗಳು ಯಾಕೆ?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು, ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಅಣ್ಣ ಜೈಪುರದಿಂದ ಹಳೆಯ ಚಿತ್ರವೊಂದರ ಪ್ರತಿ ತಂದಿದ್ದಾನೆ. ಕಾಡಿನಲ್ಲಿ ವೀಣೆ ಹಿಡಿದ ಹೆಣ್ಣು, ಸುತ್ತಲೂ ಜಿಂಕೆ. ‘ತೋಡಿ ರಾಗಿಣಿ’ ಎಂದು ಬರೆದಿದೆ. ಈ ಜಿಂಕೆಗಳು ಯಾಕೆ? ನಾನು ಹಾಡುವ ತೋಡಿ ಇದೇನಾ?

ಉತ್ತರ: ನಿಮ್ಮ ಮನೆಗೆ ಬಂದಿರುವುದು ರಾಗಮಾಲಾ ಚಿತ್ರ, ಅಂದರೆ ರಾಗಗಳನ್ನು ಗಂಡು ಹೆಣ್ಣುಗಳಾಗಿ ಬರೆದ ಚಿತ್ರಮಾಲೆಯಲ್ಲಿ ಒಂದು. ಭೈರವ, ಮಾಲಕೌಂಸ, ಹಿಂದೋಳ, ದೀಪಕ, ಮೇಘ, ಶ್ರೀ ಎಂಬ ಆರು ಗಂಡು ರಾಗ. ಒಂದೊಂದಕ್ಕೆ ಐದು ರಾಗಿಣಿ, ಅಂದರೆ ಹೆಂಡತಿಯರು. ಒಟ್ಟು 36 ಚಿತ್ರ. ಎಲ್ಲ ಕಡೆ ಇದೇ ಲೆಕ್ಕ ಇರಲಿಲ್ಲ, ಆದರೆ ಇದು ಜಾಸ್ತಿ ಬಳಕೆಯಲ್ಲಿದ್ದದ್ದು. ರಾಜಸ್ಥಾನದ ಮೇವಾಡದ ಚಾವಂಡದಲ್ಲಿ 1605ರಲ್ಲಿ ಬರೆದ ಒಂದು ಮಾಲೆ ತುಂಬ ಹೆಸರಾದದ್ದು.

ಈಗ ಜಿಂಕೆ. ತೋಡಿಯ ಹೆಣ್ಣು ನಲ್ಲನಿಂದ ದೂರವಾದವಳು. ಮನೆಯಲ್ಲಿ ಇರಲಾಗದೆ ಕಾಡಿಗೆ ಬಂದು ನುಡಿಸುತ್ತಾಳೆ. ಕೇಳಲು ನಲ್ಲನಿಲ್ಲ, ಜಿಂಕೆಗಳು ಬಂದು ನಿಲ್ಲುತ್ತವೆ. ಇನ್ನೊಂದು ವಿವರಣೆಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಹೊಲ ಕಾಯುವ ಹುಡುಗಿಯರು ಹಾಡು ಹೇಳಿ ಜಿಂಕೆಗಳನ್ನು ಮೈಮರೆಸುತ್ತಿದ್ದರಂತೆ, ಬೆಳೆಗೆ ಬಾಯಿ ಹಾಕದ ಹಾಗೆ. ನಮ್ಮ ಗದ್ದೆಗಳಲ್ಲಿ ರಾತ್ರಿಯಿಡೀ ಮಾಳದಲ್ಲಿ ಕೂತು ಕೂಗು ಹಾಕುವುದನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅದೇ ಕಾವಲು, ಅಲ್ಲಿ ರಾಗವಾಗಿದೆ.

ಅವಳ ಕೈಯಲ್ಲಿರುವುದನ್ನೂ ನೋಡಿ. ಬಿದಿರಿನ ಕೋಲಿಗೆ ಎರಡು ಸೋರೆ ಬುರುಡೆ ಕಟ್ಟಿದ ರುದ್ರವೀಣೆಯಾಗಿರಬೇಕು. ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಬರುವುದು ಅದೇ. ನೀವು ಕಛೇರಿಯಲ್ಲಿ ನೋಡುವ ವೀಣೆ ಅಲ್ಲ.

ತೋಡಿಯೂ ಹಾಗೆಯೇ, ಹೆಸರು ಒಂದೇ, ಸ್ವರ ಬೇರೆ. ಇವತ್ತಿನ ಹಿಂದುಸ್ತಾನಿ ತೋಡಿಯ ಸ್ವರಗಳು ನಿಮ್ಮ ಶುಭಪಂತುವರಾಳಿಯವು. ನಿಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿವೆ. ಹಿಂದೋಳದಲ್ಲೂ ಇದೇ ಗೊಂದಲ: ನಿಮ್ಮ ಹಿಂದೋಳ ಅವರ ಮಾಲಕೌಂಸ. ಹಾಗಾಗಿ ಚಿತ್ರ ನೋಡಿ ಸ್ವರ ಹುಡುಕಬೇಡಿ. ಚಿತ್ರಕಾರ ಬರೆದದ್ದು ಸ್ವರವನ್ನಲ್ಲ, ರಾಗಕ್ಕೆ ಕವಿಗಳು ಕೊಟ್ಟ ರೂಪವನ್ನು. ಅನೇಕ ಚಿತ್ರಗಳಲ್ಲಿ ಮೇಲಿನ ಪಟ್ಟಿಯಲ್ಲಿ ಆ ಪದ್ಯವನ್ನೇ ಬರೆದಿರುತ್ತಾರೆ.

ಇದನ್ನೆಲ್ಲ ಉತ್ತರದವರದು ಅಂದುಕೊಂಡು ದೂರ ಇಡಬೇಡಿ. ರಾಗಗಳಿಗೆ ಹೀಗೆ ರೂಪ ಕೊಟ್ಟು ಗ್ರಂಥ ಬರೆದವರಲ್ಲಿ ಹದಿನಾರನೇ ಶತಮಾನದ ಪುಂಡರೀಕ ವಿಠ್ಠಲ ಒಬ್ಬ. ಅವನು ಕನ್ನಡ ನಾಡಿನಿಂದ ಉತ್ತರಕ್ಕೆ ಹೋದವನು.